ಬೆಳಕಿನ ಲೆಕ್ಕ

ಮನುಷ್ಯನ ಕಣ್ಣಿಗೆ ದಾಕ್ಷಿಣ್ಯ ಹೆಚ್ಚು. ಉರಿಬಿಸಿಲಿನ ಅಂಗಳದಿಂದ ಹೊಗೆ ಹಿಡಿದ ಅಡಿಗೆಮನೆಗೆ ಹೋದರೂ ಅದು ಒಂದೆರಡು ಕ್ಷಣ ತಡವರಿಸಿ, ಆಮೇಲೆ ಏನೂ ನಡೆಯದಂತೆ ಅಲ್ಲಿಯ ಪಾತ್ರೆ ಪದಾರ್ಥಗಳನ್ನೂ ಮನುಷ್ಯರನ್ನೂ ಗುರುತಿಸಿಕೊಳ್ಳುತ್ತದೆ. ಬಡವರ ಮನೆಗೆ ಹೋದ ಸಭ್ಯ ಗೃಹಸ್ಥನು ಅಲ್ಲಿಯ ಕೊರತೆಯನ್ನು ಕಂಡರೂ ಕಾಣದವನಂತೆ ಕುಳಿತು ಮಾತನಾಡುವ ಹಾಗೆ, ಕಣ್ಣೂ ಬೆಳಕಿನ ಕೊರತೆಯನ್ನು ಎತ್ತಿ ಆಡುವುದಿಲ್ಲ. ಫಿಲ್ಮಿಗೆ ಈ ಮರ್ಯಾದೆ ತಿಳಿಯದು. ಅದು ಲೇವಾದೇವಿಯವನ ಜಾತಿ. ತನಗೆ ಸಲ್ಲತಕ್ಕ ಬೆಳಕು ಸಂದರೆ ಚಿತ್ರವನ್ನು ಕೊಡುತ್ತದೆ. ಕಡಮೆ ಬಿದ್ದರೆ ಕತ್ತಲೆಯನ್ನೂ, ಹೆಚ್ಚಾದರೆ ಬರಿಯ ಬಿಳುಪನ್ನೂ ಮುಂದಿಡುತ್ತದೆ. ಆದಕಾರಣ ಛಾಯಾಚಿತ್ರವನ್ನು ತೆಗೆಯಹೊರಟವನು ಮೊತ್ತಮೊದಲು ತನ್ನ ಕಣ್ಣಿನ ಉಪಚಾರದ ಮಾತನ್ನು ನಂಬದೆ ಇರುವುದನ್ನು ಕಲಿಯಬೇಕಾಗುತ್ತದೆ.

ತೀರ್ಥಹಳ್ಳಿಯ ಸೀಮೆಯ ಮೇಷ್ಟರೊಬ್ಬರು ಈ ಪಾಠವನ್ನು ಕಲಿತದ್ದು ತಮ್ಮ ಮನೆಯೊಳಗೇ. ಅದು ಮಲೆನಾಡಿನ ಹಳೆಯ ಹಂಚಿನ ಮನೆ. ಮುಂದೆ ಅಡಕೆ ಒಣಗಿಸುವ ಅಂಗಳ, ಆಮೇಲೆ ಜಗಲಿ, ಅದರ ಹಿಂದೆ ನಡುಮನೆ, ಎಲ್ಲಕ್ಕೂ ಒಳಗೆ ಅಡಿಗೆಮನೆ. ಬೆಳಕು ಈ ಮನೆಯಲ್ಲಿ ಹೊಸ ನೆಂಟನ ಹಾಗೆ. ಅಂಗಳದಲ್ಲಿ ಧಾರಾಳವಾಗಿ ಓಡಾಡಿ, ಜಗಲಿಯಲ್ಲಿ ಸಂಕೋಚಪಟ್ಟು, ನಡುಮನೆಯ ಹೊಸ್ತಿಲಿನಲ್ಲಿ ನಿಂತುಬಿಡುತ್ತದೆ. ಅಡಿಗೆಮನೆಗೆ ಬರುವುದು ಮಾಡಿನಲ್ಲಿ ಕೂರಿಸಿದ ಒಂದೇ ಒಂದು ಗಾಜಿನ ಹಂಚಿನ ಮೂಲಕ.

ಕ್ಯಾಮೆರಾದವರು ಬೆಳಕನ್ನು ಇಮ್ಮಡಿಯ ಲೆಕ್ಕದಲ್ಲಿ ಎಣಿಸುತ್ತಾರೆ. ಒಂದು ಮೆಟ್ಟಿಲು ಇಳಿದರೆ ಬೆಳಕು ಅರ್ಧವಾಯಿತು. ಎರಡು ಇಳಿದರೆ ಕಾಲು. ಮೂರು ಇಳಿದರೆ ಅರೆಕಾಲು. ಮೇಷ್ಟರು ಒಂದು ದಿನ ಮಾಪಕವನ್ನು ಕೈಯಲ್ಲಿ ಹಿಡಿದು ಅಂಗಳದಿಂದ ಒಳಕ್ಕೆ ನಡೆದು ಎಣಿಸಿದರು. ಜಗಲಿಯಲ್ಲಿ ನಾಲ್ಕು ಮೆಟ್ಟಿಲು ಇಳಿದಿತ್ತು; ನಡುಮನೆಯಲ್ಲಿ ಏಳು; ಅಡಿಗೆಮನೆಯ ಗಾಜಿನ ಹಂಚಿನ ಕೆಳಗೆ ಒಂಬತ್ತು; ಒಲೆಯ ಪಕ್ಕದ ಮೂಲೆಯಲ್ಲಿ ಹನ್ನೆರಡು. ಚದುರಂಗದ ಮನೆಗಳಲ್ಲಿ ಕಾಳುಗಳನ್ನು ಇಮ್ಮಡಿಸುತ್ತ ಹೋದ ಕಥೆಯನ್ನು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದ ಅವರು ಅಂದು ಅದೇ ಕಥೆಯನ್ನು ತಿರುಗುಮುರುಗಾಗಿ ಕಂಡರು. ಗಾಜಿನ ಹಂಚಿನ ಕೆಳಗೆ ಇದ್ದದ್ದು ಅಂಗಳದ ಬೆಳಕಿನ ೫೧೨ರಲ್ಲಿ ಒಂದು ಪಾಲು. ಮೂಲೆಯಲ್ಲಿ ಇದ್ದದ್ದು ೪,೦೯೬ರಲ್ಲಿ ಒಂದು ಪಾಲು. ಅವರ ತಾಯಿಯವರು ಐವತ್ತು ವರ್ಷ ಬಾಳಿದ್ದು ಆ ಒಂದು ಪಾಲಿನಲ್ಲಿ. ಈ ಲೆಕ್ಕ ಬರೆದಿಟ್ಟ ದಿನ ಮೇಷ್ಟರಿಗೆ ಊಟ ರುಚಿಸಲಿಲ್ಲವೆಂದು ಮನೆಯವರು ಹೇಳುವುದುಂಟು.

ಕ್ಯಾಮೆರಾ ಅವರ ಕೈಗೆ ಬಂದದ್ದು ೧೯೬೯ರಲ್ಲಿ. ಸೋದರಮಾವ ಭಿಲಾಯಿಯ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದರು. ಆ ಕಾರ್ಖಾನೆ ಸೋವಿಯತ್ ದೇಶದ ಸಹಾಯದಿಂದ ಎದ್ದದ್ದು. ಅಲ್ಲಿಗೆ ಬಂದಿದ್ದ ರಷ್ಯದ ಇಂಜಿನಿಯರೊಬ್ಬರು ಊರಿಗೆ ಮರಳುವಾಗ ತಮ್ಮ ಕ್ಯಾಮೆರಾವನ್ನೂ ಮೂರು ಮಸೂರಗಳನ್ನೂ ಬೆಳಕಿನ ಮಾಪಕವನ್ನೂ ಮಾವನಿಗೆ ಕೊಟ್ಟು ಹೋದರು. ಮಾವನಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ರಜೆಗೆ ಬಂದಾಗ ಅದನ್ನು ಸೋದರಳಿಯನ ಕೈಗೆ ಹಾಕಿ, “ಕಲಿತರೆ ವಿದ್ಯೆ, ಕಲಿಯದಿದ್ದರೆ ತೂಕದ ಕಲ್ಲು,” ಎಂದು ಹೇಳಿದರು. ತೂಕದ ಮಾತು ಸುಳ್ಳಲ್ಲ. ಜೋರ್ಕಿ ಎಂಬ ಆ ಕ್ಯಾಮೆರಾ ಲೋಹದ ಗಟ್ಟಿ ತುಂಡಿನಂತಿತ್ತು. ಜೋರ್ಕಿ ಎಂದರೆ ರಷ್ಯದ ಭಾಷೆಯಲ್ಲಿ ಚುರುಕು ಕಣ್ಣಿನದು ಎಂದು ಅರ್ಥ.

ಈ ಬಗೆಯ ಕ್ಯಾಮೆರಾಗಳಿಗೆ ಒಂದು ವಂಶಾವಳಿ ಉಂಟು. ಜರ್ಮನಿಯ ವೆಟ್ಸ್‌ಲಾರ್ ಎಂಬ ಊರಿನಲ್ಲಿ ಸೂಕ್ಷ್ಮದರ್ಶಕಗಳನ್ನು ತಯಾರಿಸುತ್ತಿದ್ದ ಲೈಟ್ಸ್ ಕಾರ್ಖಾನೆಯಲ್ಲಿ ಆಸ್ಕರ್ ಬಾರ್ನಾಕ್ ಎಂಬಾತನಿದ್ದನು. ಉಬ್ಬಸದ ಮನುಷ್ಯ, ಆ ಕಾಲದ ಭಾರವಾದ ಕ್ಯಾಮೆರಾವನ್ನೂ ಗಾಜಿನ ಫಲಕಗಳನ್ನೂ ಹೊತ್ತು ಗುಡ್ಡ ಹತ್ತುವುದು ಅವನಿಂದಾಗುತ್ತಿರಲಿಲ್ಲ. ಸಿನಿಮಾದವರ ೩೫ ಮಿಲಿಮೀಟರಿನ ಫಿಲ್ಮನ್ನು ಬಳಸಿ, ಜೇಬಿನಲ್ಲಿ ಇಡಬಹುದಾದ ಕ್ಯಾಮೆರಾವೊಂದನ್ನು ಅವನು ೧೯೧೪ರ ಹೊತ್ತಿಗೆ ಮಾಡಿ ನೋಡಿದನು. ಮಹಾಯುದ್ಧದ ದೆಸೆಯಿಂದ ತಡವಾಗಿ, ಮ್ಯಾಕ್ಸ್ ಬೆರೆಕ್ ಎಂಬ ವಿದ್ವಾಂಸನು ರಚಿಸಿದ ಮಸೂರದೊಡನೆ, ೧೯೨೫ರಲ್ಲಿ ಲೈಪ್‌ಜಿಗ್ ನಗರದ ಮೇಳದಲ್ಲಿ ಅದು ಲೈಕಾ ಎಂಬ ಹೆಸರಿನಿಂದ ಜನರ ಮುಂದೆ ಬಂದಿತು. ಮೊದಲು ದೂರವನ್ನು ಅಂದಾಜಿನಿಂದ ಗೊತ್ತುಮಾಡಬೇಕಾಗಿತ್ತು. ೧೯೩೨ರಲ್ಲಿ ದೂರವನ್ನು ಅಳೆಯುವ ರೇಂಜ್‌ಫೈಂಡರು ಮಸೂರಕ್ಕೆ ಜೋಡಣೆಯಾಯಿತು. ೧೯೩೪ರಿಂದ ಖಾರ್ಕೋವ್ ನಗರದಲ್ಲಿ ಇದರ ಮಾದರಿಯ ಮೇಲೆ ಫೆಡ್ ಎಂಬ ಕ್ಯಾಮೆರಾ ತಯಾರಾಯಿತು. ೧೯೪೮ರಿಂದ ಮಾಸ್ಕೋ ಬಳಿಯ ಕ್ರಾಸ್ನೊಗೋರ್ಸ್ಕ್ ಊರಿನಲ್ಲಿ ಜೋರ್ಕಿ. ಹೀಗೆ ಉಬ್ಬಸದ ಜರ್ಮನನೊಬ್ಬನ ಉಪಾಯ ರಷ್ಯವನ್ನು ಬಳಸಿಕೊಂಡು ತುಂಗೆಯ ದಡಕ್ಕೆ ಬಂದಿತು.

ರೇಂಜ್‌ಫೈಂಡರಿನ ತತ್ತ್ವ ಎರಡು ಕಣ್ಣಿನ ತತ್ತ್ವವೇ. ಕ್ಯಾಮೆರಾದ ನೆತ್ತಿಯಲ್ಲಿ ಒಂದಕ್ಕೊಂದು ಸ್ವಲ್ಪ ದೂರದಲ್ಲಿ ಎರಡು ಕಿಂಡಿಗಳು. ಎರಡೂ ಒಂದೇ ವಸ್ತುವನ್ನು ಬೇರೆ ಬೇರೆ ಕೋನದಿಂದ ನೋಡುತ್ತವೆ. ಹಿಂದಿನಿಂದ ಕಣ್ಣಿಟ್ಟವನಿಗೆ ವಸ್ತು ಇಬ್ಬಗೆಯಾಗಿ ಕಾಣುತ್ತದೆ. ಮಸೂರವನ್ನು ತಿರುಗಿಸುತ್ತ ಹೋದರೆ ಎರಡು ಬಿಂಬಗಳೂ ಹತ್ತಿರ ಸರಿದು ಒಂದರ ಮೇಲೊಂದು ಕೂರುತ್ತವೆ. ಆ ಕ್ಷಣದಲ್ಲಿ ದೂರ ಸರಿಹೊಂದಿತೆಂದು ತಿಳಿಯಬೇಕು. ಇದರಲ್ಲಿ ಕನ್ನಡಿ ಮೇಲೆ ಕೆಳಗೆ ಬಡಿದುಕೊಳ್ಳುವ ಗಲಾಟೆ ಇಲ್ಲ. ಆದ್ದರಿಂದ ಕೈ ಅದುರುವುದೂ ಕಡಮೆ, ಸದ್ದೂ ಕಡಮೆ. ಆದರೆ ಒಂದು ಮಾತನ್ನು ಮರೆಯಕೂಡದು. ನೋಡುವ ಕಿಂಡಿ ಬೇರೆ, ಚಿತ್ರವನ್ನು ಬರೆಯುವ ಮಸೂರ ಬೇರೆ. ಮಸೂರದ ಬಾಯಿಗೆ ಮುಚ್ಚಳ ಹಾಕಿದ್ದರೂ ಕಿಂಡಿಯಲ್ಲಿ ಲೋಕವು ಎಂದಿನಂತೆ ಬೆಳಗುತ್ತಲೇ ಇರುತ್ತದೆ. ಮೇಷ್ಟರು ಅಕ್ಕನ ಮಗನ ಉಪನಯನದಲ್ಲಿ ಹನ್ನೊಂದು ಚಿತ್ರಗಳನ್ನು ಹೀಗೆಯೇ ತೆಗೆದರು. ಆ ಹನ್ನೊಂದು ನೆಗೆಟಿವುಗಳು ಇಂದಿಗೂ ಇವೆ. ಮಳೆಯಲ್ಲಿ ತೊಳೆದ ಗಾಜಿನಂತೆ ನಿರ್ಮಲವಾಗಿವೆ. ವಟುವಿನ ಬ್ರಹ್ಮತೇಜಸ್ಸು ಫಿಲ್ಮಿಗೆ ತಡೆಯಲಾಗಲಿಲ್ಲವೆಂದು ಭಾವನವರು ಬಹಳ ದಿನ ಹಾಸ್ಯ ಮಾಡುತ್ತಿದ್ದರು.

ಜೋರ್ಕಿಯೊಳಗೆ ಮಾಪಕವಿರಲಿಲ್ಲ. ಮಾಪಕವನ್ನು ಮೈಯಲ್ಲಿಯೇ ಹೊತ್ತ ಕ್ಯಾಮೆರಾಗಳು ಹಿಂದೆಯೇ ಬಂದಿದ್ದವು. ೧೯೩೬ರ ಕಾಂಟ್ಯಾಕ್ಸ್‌ನ ಮೂರನೆಯ ಮಾದರಿಯಲ್ಲಿ ಅದು ನೆತ್ತಿಯ ಮೇಲೆ ಕುಳಿತಿತ್ತು. ಲೈಕಾದವರು ಮಸೂರದ ಮೂಲಕವೇ ಬೆಳಕನ್ನು ಅಳೆಯುವ ಏರ್ಪಾಡನ್ನು ೧೯೭೧ರ ಎಂ ೫ ಎಂಬ ಮಾದರಿಯಲ್ಲಿ ಮೊದಲು ಮಾಡಿದರು. ಮೇಷ್ಟರ ಪಾಲಿಗೆ ಬಂದದ್ದು ಲೆನಿನ್‌ಗ್ರಾಡ್ ಎಂಬ ಕೈಮಾಪಕ. ಅದರೊಳಗೆ ಸೆಲೀನಿಯಂ ಎಂಬ ಧಾತುವಿನ ಲೇಪವುಳ್ಳ ಫಲಕ. ಬೆಳಕು ಅದರ ಮೇಲೆ ಬಿದ್ದರೆ ಅಲ್ಪವಾದ ವಿದ್ಯುತ್ತು ಹುಟ್ಟಿ ಒಂದು ಮುಳ್ಳನ್ನು ತಳ್ಳುತ್ತದೆ. ಬ್ಯಾಟರಿ ಬೇಡ, ಕೀಲಿ ಬೇಡ. ಬೆಳಕು ತನ್ನ ತೂಕವನ್ನು ತಾನೇ ತೂಗಿಕೊಳ್ಳುತ್ತದೆ.

ಆದರೆ ತಕ್ಕಡಿಗೆ ತೂಕ ತಿಳಿಯುತ್ತದೆಯೇ ಹೊರತು ತೂಗುವ ಪದಾರ್ಥ ತಿಳಿಯದು. ವಸ್ತುವಿನಿಂದ ಚಿಮ್ಮಿ ಬರುವ ಬೆಳಕನ್ನು ಅಳೆಯುವ ಮಾಪಕವು ತನ್ನೆದುರಿಗಿನ ಲೋಕವೆಲ್ಲವೂ ಬೂದಿಯ ಬಣ್ಣದ್ದೆಂದು ನಂಬಿಕೊಂಡಿರುತ್ತದೆ. ಬಿದ್ದ ಬೆಳಕಿನಲ್ಲಿ ನೂರಕ್ಕೆ ಹದಿನೆಂಟು ಪಾಲನ್ನು ಹಿಂದಕ್ಕೆ ಕೊಡುವ ಮಧ್ಯಮ ಬಣ್ಣವೆಂದು ಅದನ್ನು ಶಾಸ್ತ್ರದಲ್ಲಿ ಹೇಳುವ ರೂಢಿ. ಸುಣ್ಣ ಬಳಿದ ಗೋಡೆಯನ್ನು ತೋರಿಸಿದರೆ, ಬೂದಿಬಣ್ಣದ ಗೋಡೆಯ ಮೇಲೆ ಇಷ್ಟೊಂದು ಬೆಳಕು ಬಿದ್ದಿದೆಯೆಂದು ಅದು ಭಾವಿಸಿ, ಬೆಳಕನ್ನು ತಗ್ಗಿಸು ಎನ್ನುತ್ತದೆ. ಹಾಗೆ ಮಾಡಿದರೆ ಚಿತ್ರದಲ್ಲಿ ಸುಣ್ಣ ಬೂದಿಯಾಗುತ್ತದೆ. ಕರಿಯ ಎಮ್ಮೆಯನ್ನು ತೋರಿಸಿದರೆ ಬೆಳಕು ಸಾಲದು, ಇನ್ನಷ್ಟು ಬಿಡು ಎನ್ನುತ್ತದೆ, ಎಮ್ಮೆಯೂ ಬೂದಿಯಾಗುತ್ತದೆ. ಆದ್ದರಿಂದ ಬಿಳಿಯದನ್ನು ಅಳೆದಾಗ ಎರಡು ಮೆಟ್ಟಿಲು ಹೆಚ್ಚಾಗಿಯೂ, ಕರಿಯದನ್ನು ಅಳೆದಾಗ ಎರಡು ಮೆಟ್ಟಿಲು ಕಡಮೆಯಾಗಿಯೂ ಬೆಳಕನ್ನು ಬಿಡುವುದು ಅನುಭವಸ್ಥರ ಪದ್ಧತಿ. ಮಾಪಕವು ಹೇಳಿದ್ದನ್ನು ಕೇಳಿ, ಅದು ಏನನ್ನು ನೋಡಿ ಹಾಗೆ ಹೇಳಿತೆಂದು ವಿಚಾರಿಸಿ, ಆಮೇಲೆ ತೀರ್ಪು ಕೊಡಬೇಕು. ನ್ಯಾಯಾಧೀಶನು ಸಾಕ್ಷಿಯ ಮಾತನ್ನು ನಡೆಸಿಕೊಳ್ಳುವುದೂ ಹೀಗೆಯೇ ಅಲ್ಲವೆ?

ಬಯಲಿನಲ್ಲಾದರೆ ಸಾಕ್ಷಿಯೇ ಬೇಕಾಗಿಲ್ಲ. ಸೂರ್ಯನು ಎಲ್ಲ ಕಡೆಯೂ ಒಬ್ಬನೇ. ತಿಳಿಬಿಸಿಲಿನಲ್ಲಿ ಮಸೂರದ ದ್ವಾರವನ್ನು ಎಫ್ ೧೬ಕ್ಕೆ ಇಟ್ಟು, ಫಿಲ್ಮಿನ ವೇಗವನ್ನೇ ಷಟರಿನ ವೇಗವನ್ನಾಗಿ ಮಾಡಿಕೊಂಡರೆ ಚಿತ್ರ ಕೆಡುವುದಿಲ್ಲ. ೪೦೦ ವೇಗದ ಫಿಲ್ಮಾದರೆ ಸೆಕೆಂಡಿನ ೪೦೦ರಲ್ಲಿ ಒಂದು ಭಾಗ. ಷಟರಿನಲ್ಲಿ ಅದಕ್ಕೆ ಸಮೀಪದ ಅಂಕ ೫೦೦. ತೆಳುಮೋಡವಾದರೆ ಎಫ್ ೧೧, ಮೋಡ ಕವಿದರೆ ಎಫ್ ೮, ದಟ್ಟಮೋಡವಾದರೆ ಎಫ್ ೫.೬. ಮೇಷ್ಟರು ಇದನ್ನು ಪಂಚಾಂಗದ ಒಳರಟ್ಟಿನ ಮೇಲೆ ಬರೆದುಕೊಂಡಿದ್ದರು. ಒಂದೆರಡು ವರ್ಷಗಳಲ್ಲಿ ಆಕಾಶವನ್ನು ನೋಡಿ ಅಂಕವನ್ನು ಹೇಳುವ ಶಕ್ತಿ ಅವರಿಗೆ ಬಂದಿತು. ಮಾಪಕವನ್ನು ಆಮೇಲೆ ತೆಗೆದು ತಮ್ಮ ಊಹೆಯನ್ನು ಒರೆಗೆ ಹಚ್ಚುತ್ತಿದ್ದರು. ಪ್ರತಿಯೊಂದು ಚಿತ್ರಕ್ಕೂ ಒಂದು ಸಾಲಿನಂತೆ, ನಾಲ್ಕಾಣೆಯ ನೋಟುಪುಸ್ತಕದಲ್ಲಿ ದ್ವಾರ, ವೇಗ, ಮಸೂರ, ವಸ್ತು ಎಂದು ದಾಖಲೆ ಇಟ್ಟರು. ಒಳಮನೆಯ ಬೆಳಕಿಗೆ ಮಾತ್ರ ಇಂತಹ ಸೂತ್ರವಿಲ್ಲ. ಅಲ್ಲಿ ಪ್ರತಿಯೊಂದು ಮೂಲೆಗೂ ಅದರದೇ ಆದ ಸೂರ್ಯ.

ಇನ್ನು ಮಸೂರದ ವಿಚಾರ. ಮೂರು ಮಸೂರಗಳಲ್ಲಿ ಒಂದು ೫೦ ಮಿಲಿಮೀಟರಿನದು. ಯುಪಿಟರ್ ೮ ಎಂದು ಹೆಸರು, ದ್ವಾರ ಎಫ್ ೨. ಜರ್ಮನಿಯ ಲುಡ್ವಿಗ್ ಬರ್ಟೆಲೆ ಎಂಬಾತನು ಝೈಸ್ ಸಂಸ್ಥೆಗಾಗಿ ರಚಿಸಿದ ಸೊನ್ನಾರ್ ಮಸೂರದ ಸಂತಾನ. ಇನ್ನೊಂದು ೩೫ ಮಿಲಿಮೀಟರಿನ ಅಗಲನೋಟದ್ದು, ದ್ವಾರ ಎಫ್ ೨.೮. ಮತ್ತೊಂದು ೧೩೫ ಮಿಲಿಮೀಟರಿನ ಉದ್ದದ್ದು, ದ್ವಾರ ಎಫ್ ೪. ಜೋರ್ಕಿಯ ಕಿಂಡಿಯಲ್ಲಿ ಕಾಣುವುದು ೫೦ರ ನೋಟ ಮಾತ್ರ. ಬೇರೆ ಮಸೂರ ಹಾಕಿದಾಗ ಕ್ಯಾಮೆರಾದ ನೆತ್ತಿಯ ಮೇಲೆ ಬೇರೊಂದು ಕಿಂಡಿಯನ್ನು ಸಿಕ್ಕಿಸಿಕೊಳ್ಳಬೇಕು. ೧೯೫೪ರ ಲೈಕಾ ಎಂ ೩ರಲ್ಲಿಯಾದರೋ ೫೦, ೯೦, ೧೩೫ಕ್ಕೆ ಬೇಕಾದ ಚೌಕಟ್ಟುಗಳು ಒಂದೇ ಕಿಂಡಿಯಲ್ಲಿ ಬೆಳಕಿನ ಗೆರೆಗಳಾಗಿ ಮೂಡುತ್ತಿದ್ದವು. ಚೌಕಟ್ಟಿನ ಆಚೆಗಿನ ಲೋಕವೂ ಜೊತೆಗೆ ಕಾಣುತ್ತಿತ್ತು.

ಹೊಸಬರಿಗೆ ಉದ್ದ ಮಸೂರದ ಮೇಲೆ ಮೋಹ. ದೂರದಲ್ಲಿ ನಿಂತು, ಯಾರಿಗೂ ತಿಳಿಯದಂತೆ, ಮುಖವನ್ನು ಹತ್ತಿರಕ್ಕೆ ಎಳೆದುಕೊಳ್ಳಬಹುದಲ್ಲ! ಆದರೆ ಉದ್ದ ಮಸೂರವು ಬಿಂಬವನ್ನು ಹಿಗ್ಗಿಸುವಾಗ ಕೈಯ ನಡುಕವನ್ನೂ ಹಿಗ್ಗಿಸುತ್ತದೆ. ಮಸೂರದ ಉದ್ದ ಎಷ್ಟೋ, ಸೆಕೆಂಡನ್ನು ಅಷ್ಟು ಪಾಲು ಮಾಡಿ ಅದರಲ್ಲಿ ಒಂದಕ್ಕಿಂತ ನಿಧಾನವಾಗಿ ಕೈಯಲ್ಲಿ ಹಿಡಿದು ತೆಗೆಯಬಾರದೆಂಬುದು ಸ್ಥೂಲವಾದ ನಿಯಮ. ೧೩೫ಕ್ಕೆ ೧/೧೨೫ ಬೇಕು. ೫೦ಕ್ಕೆ ೧/೬೦ ಸಾಕು. ೩೫ಕ್ಕೆ ೧/೩೦ ನಡೆಯುತ್ತದೆ. ಇನ್ನೊಂದು ತಪ್ಪು ತಿಳಿವಳಿಕೆ, ಅಗಲನೋಟದ ಮಸೂರವು ಮೂಗನ್ನು ದೊಡ್ಡದು ಮಾಡುತ್ತದೆಂಬುದು. ಮೂಗನ್ನು ದೊಡ್ಡದು ಮಾಡುವುದು ಮಸೂರವಲ್ಲ, ತೀರ ಹತ್ತಿರ ನಿಂತದ್ದು. ಒಂದೇ ಸ್ಥಳದಿಂದ ಯಾವ ಮಸೂರದಿಂದ ನೋಡಿದರೂ ಮೂಗಿಗೂ ಕಿವಿಗೂ ಇರುವ ಪ್ರಮಾಣ ಬದಲಾಗುವುದಿಲ್ಲ. ಆದ್ದರಿಂದ ಮಸೂರವನ್ನು ಆರಿಸುವುದೆಂದರೆ, ಎದುರಿಗಿರುವ ಮನುಷ್ಯನಿಂದ ಎಷ್ಟು ದೂರದಲ್ಲಿ ನಿಲ್ಲತಕ್ಕದ್ದೆಂದು ಗೊತ್ತುಮಾಡಿಕೊಳ್ಳುವುದೇ. ೧೯೪೮ರ ಜನವರಿಯಲ್ಲಿ ದೆಹಲಿಯಲ್ಲಿದ್ದು ಗಾಂಧೀಜಿಯವರ ಕಡೆಯ ದಿನಗಳನ್ನು ಚಿತ್ರಿಸಿದ ಫ್ರಾನ್ಸ್ ದೇಶದ ಆನ್ರಿ ಕಾರ್ತಿಯೇ ಬ್ರೆಸೋನ್ ತಮ್ಮ ಜೀವಮಾನದ ಬಹುಪಾಲು ಚಿತ್ರಗಳನ್ನು ೫೦ ಮಿಲಿಮೀಟರಿನ ಮಸೂರ ಒಂದರಿಂದಲೇ ತೆಗೆದರು. ಅವರು ಹತ್ತಿರ ಬೇಕಾದರೆ ಹತ್ತಿರ ನಡೆದರು.

ಮೇಷ್ಟರ ತಾಯಿಯವರು ಈ ವಿದ್ಯೆಯನ್ನೆಲ್ಲ ದೂರದಿಂದ ನೋಡುತ್ತಿದ್ದರು. ಅವರಿಗೆ ಫೋಟೋದ ಮೇಲೆ ನಂಬಿಕೆ ಇರಲಿಲ್ಲ, ಅದಕ್ಕೆ ಕಾರಣವಿತ್ತು. ೧೯೩೪ರಲ್ಲಿ ಅವರ ಮದುವೆಯಾದಾಗ ಪಟ್ಟಣದಿಂದ ಫೋಟೋದವನನ್ನು ಕರೆಸಿದ್ದರು. ಅವರದು ನೇರಳೆಹಣ್ಣಿನಂತೆ ಹೊಳೆಯುವ ಕಪ್ಪು ಮೈಬಣ್ಣ. ಆ ಕಾಲದಲ್ಲಿ ಬಳಕೆಯಲ್ಲಿದ್ದ ಗಾಜಿನ ಫಲಕಗಳಲ್ಲಿ ಹೆಚ್ಚಿನವಕ್ಕೆ ಕೆಂಪು ಕಾಣುತ್ತಿರಲಿಲ್ಲ. ಕುಂಕುಮ ಮಸಿಯ ಬೊಟ್ಟಾಗುತ್ತಿತ್ತು, ಕಂದು ಮುಖ ಇನ್ನೂ ಕಂದುತ್ತಿತ್ತು. ಅದನ್ನು ಸರಿಮಾಡುವುದಕ್ಕೆ ಫೋಟೋದವರು ನೆಗೆಟಿವಿನ ಮೇಲೆ ಮೊನಚಾದ ಸೀಸದ ಕಡ್ಡಿಯಿಂದ ಸಣ್ಣ ಸಣ್ಣ ಗೆರೆಗಳನ್ನು ಎಳೆಯುತ್ತಿದ್ದರು. ನೆಗೆಟಿವಿನಲ್ಲಿ ಕಪ್ಪಾದದ್ದು ಚಿತ್ರದಲ್ಲಿ ಬಿಳುಪಾಗುತ್ತದೆ. ಹೀಗೆ ಫಲಕವು ಮೊದಲು ಅವರನ್ನು ಇದ್ದುದಕ್ಕಿಂತ ಕಪ್ಪು ಮಾಡಿತು. ಸೀಸದ ಕಡ್ಡಿಯು ಆಮೇಲೆ ಇಲ್ಲದಷ್ಟು ಬೆಳ್ಳಗೆ ಮಾಡಿತು. ನಡುಮನೆಯ ಗೋಡೆಯಲ್ಲಿ ಐವತ್ತು ವರ್ಷ ತೂಗಿದ ಆ ಚಿತ್ರದಲ್ಲಿ ಗಂಡನ ಪಕ್ಕಕ್ಕೆ ಮೈದಾಹಿಟ್ಟಿನ ಬೊಂಬೆಯಂತಹ ಹುಡುಗಿಯೊಬ್ಬಳು ನಿಂತಿದ್ದಾಳೆ. ಹೊಸಬರು ಬಂದಾಗ, “ಇವರು ಯಾರು?” ಎಂದು ಕೇಳಿದರೆ, ತಾಯಿಯವರು, “ಯಾರೋ, ನನ್ನ ಮದುವೆಗೆ ಬಂದಿದ್ದಳು,” ಎಂದು ಹೇಳಿ ಒಳಗೆ ಹೋಗುತ್ತಿದ್ದರು. ಕೇಳಿದವರು ನಗುತ್ತಿದ್ದರು. ಹೇಳಿದವರು ನಕ್ಕದ್ದನ್ನು ಮೇಷ್ಟರು ಕಂಡಿರಲಿಲ್ಲ.

೧೯೮೬ರಲ್ಲಿ ತಾಯಿಯವರಿಗೆ ಅರುವತ್ತೆಂಟು ವರ್ಷ. ಆ ಬೇಸಿಗೆಯಲ್ಲಿ ಅವರಿಗೆ ಎದೆನೋವು ಕಾಣಿಸಿಕೊಂಡು ಹದಿನೈದು ದಿನ ಮಲಗಿ ಎದ್ದರು. ಆಗ ಮೇಷ್ಟರಿಗೆ ಹೊಳೆದದ್ದು, ಹದಿನೇಳು ವರ್ಷದಿಂದ ಜಾತ್ರೆ, ತೇರು, ಹೊಳೆ, ಶಾಲೆಯ ಮಕ್ಕಳು ಎಲ್ಲವನ್ನೂ ತೆಗೆದಾಯಿತು. ತಾಯಿಯದೊಂದು ಚಿತ್ರ ತೆಗೆದಿಲ್ಲ. ಜಗಲಿಗೆ ಬಾ ಎಂದರೆ ಬರುವವರಲ್ಲ. “ನಿನ್ನ ಫೋಟೋಕ್ಕೆ ನಾನು ಬೇಕಾದರೆ ನೀನೇ ಒಳಗೆ ಬಾ ಮಾಣಿ, ಹೊರಗೆ ಬಂದು ನಿಂತರೆ ಅದು ನಾನೇ ಅಲ್ಲ,” ಎಂದುಬಿಟ್ಟರು.

ಮೇಷ್ಟರು ಅಡಿಗೆಮನೆಯ ಬಾಗಿಲಲ್ಲಿ ನಿಂತು ಮಾಪಕವನ್ನು ಒಳಕ್ಕೆ ಹಿಡಿದರು. ಎದುರಿಗೆ ಇದ್ದದ್ದೆಲ್ಲ ಮಸಿ. ಮಸಿ ಹಿಡಿದ ತೊಲೆ, ಮಸಿ ಹಿಡಿದ ಗೋಡೆ. ಮುಳ್ಳು ಮಲಗಿದ್ದಲ್ಲಿಂದ ಅಷ್ಟಿಷ್ಟು ತಲೆಯೆತ್ತಿ, ಎಫ್ ೨ಕ್ಕೆ ಸೆಕೆಂಡಿನ ಎಂಟರಲ್ಲಿ ಒಂದು ಭಾಗ ಎಂದಿತು. ಮಾಪಕದ ಸ್ವಭಾವವನ್ನು ಅಷ್ಟು ಬಲ್ಲವರು ಅಂದು ಆತುರದಲ್ಲಿ ಅದನ್ನು ಮರೆತರು. ಬಾಗಿಲ ಚೌಕಟ್ಟಿಗೆ ಕ್ಯಾಮೆರಾವನ್ನು ಒತ್ತಿ ಹಿಡಿದು ಆರು ಚಿತ್ರ ತೆಗೆದು, ಫಿಲ್ಮನ್ನು ಪಟ್ಟಣದ ಸ್ಟುಡಿಯೋ ಒಂದಕ್ಕೆ ಕೊಟ್ಟರು. ಚಿತ್ರ ಬಂದಿತು. ಮಸಿಯ ಗೋಡೆಗಳು ಸುಣ್ಣ ಬಳಿದಂತಾಗಿದ್ದವು. ಮೊರವನ್ನು ಆಡಿಸುತ್ತಿದ್ದ ಕೈ ಮಂಜಾಗಿತ್ತು. ನಡುವೆ ಮೈದಾಹಿಟ್ಟಿನ ಬೊಂಬೆಯೊಂದು, ಈ ಸಲ ಮುದಿಯಾಗಿ, ಕುಳಿತಿತ್ತು. “ನಿಮ್ಮ ಅಡಿಗೆಮನೆಯಲ್ಲಿ ಎಷ್ಟು ಒಳ್ಳೆಯ ಬೆಳಕಿದೆ ಸಾರ್, ಅಜ್ಜಿ ಎಷ್ಟು ಲಕ್ಷಣವಾಗಿ ಬಂದಿದ್ದಾರೆ!” ಎಂದು ಸ್ಟುಡಿಯೋದವರು ಸಂತೋಷಪಟ್ಟರು. ಮುದ್ರಣದಲ್ಲಿ ಸ್ವಲ್ಪ ಕಪ್ಪಾಗಿಸಿ ಕೊಡಿರೆಂದು ಕೇಳಿದ್ದಾಯಿತು; ಆದರೆ ನರೆತ ಕೂದಲೂ ಅದರ ಮೇಲೆ ಬಿದ್ದ ಬಿಸಿಲುಕೋಲೂ ನೆಗೆಟಿವಿನಲ್ಲಿ ಒಂದಕ್ಕೊಂದು ಅಂಟಿ ಗಟ್ಟಿಯಾಗಿದ್ದವು; ಮಂಜಾದ ಕೈಯಂತೂ ಮುದ್ರಣದಿಂದ ತಿಳಿಯಾಗುವುದಲ್ಲ. ಮೇಷ್ಟರು ಆ ಚಿತ್ರವನ್ನು ತಾಯಿಗೆ ತೋರಿಸಲಿಲ್ಲ. ೧೯೩೪ರ ಸೀಸದ ಕಡ್ಡಿಯ ಕೆಲಸವನ್ನೇ ತಮ್ಮ ಮಾಪಕವೂ ಮಾಡಿತೆಂಬುದು ಅವರಿಗೆ ನಾಚಿಕೆಯಾಯಿತು. ತಪ್ಪು ಮಾಪಕದ್ದಲ್ಲ. ಅದರ ಮುಂದೆ ತಾಯಿಯನ್ನು ಹಿಡಿಯುವ ಬದಲು ಅವರು ಗೋಡೆಯನ್ನು ಹಿಡಿದಿದ್ದರು.

ಮಳೆಗಾಲ ಬಂದಿತು. ಭಾದ್ರಪದದಲ್ಲಿ ಮಳೆ ಬಿಡುವು ಕೊಟ್ಟ ಒಂದು ಬೆಳಗ್ಗೆ ಆಕಾಶದಲ್ಲಿ ತೆಳುವಾದ ಬಿಳಿಮೋಡ ಹರಡಿತ್ತು. ಇಂತಹ ದಿನ ಗಾಜಿನ ಹಂಚಿನಿಂದ ಬಿಸಿಲುಕೋಲು ಇಳಿಯುವುದಿಲ್ಲ. ಸೋಸಿದ ಹಾಲಿನಂತಹ ಬೆಳಕು ಸಮನಾಗಿ ಇಳಿಯುತ್ತದೆ. ತಾಯಿಯವರು ಅದರ ಕೆಳಗೆ ಮೊರವನ್ನಿಟ್ಟುಕೊಂಡು ಅಕ್ಕಿ ಆರಿಸುತ್ತಿದ್ದರು. ಮೇಷ್ಟರು ಒಳಗೆ ಬಂದು, “ಅಮ್ಮಾ, ಕೈ ನೀಡು,” ಎಂದರು.

“ಯಾಕೋ?”

“ನೋಡಬೇಕು.”

“ಈ ವಯಸ್ಸಿನಲ್ಲಿ ನನ್ನ ಕೈಯಲ್ಲಿ ಏನು ನೋಡುತ್ತೀಯೋ? ನೋಡಬೇಕಾದ್ದು ನಿನ್ನ ಮ್ಯಾಟ್ರಿಕ್ ಮಕ್ಕಳದ್ದು,” ಎನ್ನುತ್ತ ಅವರು ಅಂಗೈಯನ್ನು ಒಡ್ಡಿದರು. ಮೇಷ್ಟರು ಮಾಪಕವನ್ನು ಅಂಗೈಗೆ ಹತ್ತಿರ, ತಮ್ಮ ನೆರಳು ಬೀಳದಂತೆ ಹಿಡಿದರು. ಮುಖದ ಬಣ್ಣ ಯಾವುದಾದರೂ ಆಗಿರಲಿ, ಅಂಗೈಯ ಬಣ್ಣ ಮನುಷ್ಯರಲ್ಲಿ ಬಹುಮಟ್ಟಿಗೆ ತಿಳಿಯಾದದ್ದು. ಮಾಪಕದ ಬೂದಿಬಣ್ಣಕ್ಕಿಂತ ಸುಮಾರು ಒಂದು ಮೆಟ್ಟಿಲು ಹೆಚ್ಚು. ಮುಳ್ಳು ೧/೧೨೫ ಎಂದಿತು. ಆಮೇಲೆ ಕೆನ್ನೆಯ ಬಳಿ ಹಿಡಿದರು. ಆ ಕಪ್ಪು ಕೆನ್ನೆ ಬೂದಿಗಿಂತ ಒಂದು ಮೆಟ್ಟಿಲು ಕಡಮೆ. ಮುಳ್ಳು ೧/೩೦ ಎಂದಿತು. ಅಂಗೈಯ ಮಾತಿಗೆ ಒಂದು ಮೆಟ್ಟಿಲು ಕೂಡಿಸಿದರೂ ೧/೬೦. ಕೆನ್ನೆಯ ಮಾತಿನಲ್ಲಿ ಒಂದು ಮೆಟ್ಟಿಲು ಕಳೆದರೂ ೧/೬೦. ಎರಡು ಸಾಕ್ಷಿಗಳೂ ಒಂದೇ ಮಾತಿಗೆ ಬಂದವು. ಬಾಗಿಲಲ್ಲಿ ನಿಂತು ಗೋಡೆಯನ್ನು ಕೇಳಿದ್ದಕ್ಕೂ ಇದಕ್ಕೂ ಮೂರು ಮೆಟ್ಟಿಲು ಅಂತರವಿತ್ತು.

ಯಾವ ಮಸೂರವೆಂಬುದು ಉಳಿಯಿತು. ಉದ್ದ ಮಸೂರವನ್ನು ಲೆಕ್ಕವೇ ತಳ್ಳಿಹಾಕಿತು. ಅದರ ಎಫ್ ೪ಕ್ಕೆ ೧/೧೫ ಬೇಕು, ಅಷ್ಟು ನಿಧಾನದಲ್ಲಿ ಅದು ಕೈಯಲ್ಲಿ ನಿಲ್ಲುವುದಿಲ್ಲ. ಅಗಲನೋಟದ್ದು ೧/೩೦ಕ್ಕೆ ನಡೆಯುತ್ತಿತ್ತು; ಒಲೆ, ತೊಲೆ, ನೆಲುವು ಎಲ್ಲವೂ ಬರುತ್ತಿದ್ದವು, ತಾಯಿಯವರು ಅವುಗಳ ನಡುವೆ ಒಂದಾಗುತ್ತಿದ್ದರು. ಅದರಿಂದ ಅವರನ್ನೇ ತುಂಬಿಕೊಳ್ಳಬೇಕಾದರೆ ಮೊರದ ಮೇಲೆ ಬಗ್ಗಬೇಕು. ಅಷ್ಟು ಹತ್ತಿರ ಹೋಗುವುದು ವೈದ್ಯರು, ತೀರ ಚಿಕ್ಕ ಮಕ್ಕಳು, ಇಬ್ಬರೇ. ಮೇಷ್ಟರು ೫೦ನ್ನು ಹಾಕಿಕೊಂಡು ಎಲ್ಲಿ ಕುಳಿತರೆ ಸರಿಹೋಗುವುದೆಂದು ಹಿಂದೆ ಮುಂದೆ ಸರಿದು ನೋಡಿದರು. ಗೋಡೆಯ ಬದಿಗೆ ಒಂದು ಹಳೆಯ ಮಣೆ ಇತ್ತು. ಅದರ ಮೇಲೆ ಕುಳಿತಾಗ ಕಿಂಡಿಯಲ್ಲಿ ಎಲ್ಲವೂ ತಕ್ಕ ಸ್ಥಳದಲ್ಲಿ ಬಂದವು. ಮೊರಕ್ಕೂ ಆ ಮಣೆಗೂ ನಾಲ್ಕು ಮೊಳ. ಐದನೆಯ ವಯಸ್ಸಿನಲ್ಲಿ ಅವರು ಅಲ್ಲಿಯೇ ಕುಳಿತು, ತಾಯಿ ಅಕ್ಕಿ ಆರಿಸುವುದನ್ನು ನೋಡುತ್ತ ಮಗ್ಗಿ ಒಪ್ಪಿಸುತ್ತಿದ್ದರು.

ನಾಲ್ಕು ಮೊಳದ ದೂರದಲ್ಲಿ ಎಫ್ ೨ರ ದ್ವಾರದಿಂದ ಸ್ಫುಟವಾಗಿ ಬರುವುದು ಒಂದು ಗೇಣಿಗೂ ಕಡಮೆ ಆಳ. ಅದರ ಹಿಂದೆ ಮುಂದೆ ಎಲ್ಲವೂ ಕರಗುತ್ತದೆ. ಕಿಂಡಿಯೊಳಗೆ ತಾಯಿಯ ಮೂಗುತಿಯ ಹರಳು ಎರಡು ಕಿಡಿಗಳಾಗಿ ಕಾಣುತ್ತಿತ್ತು. ಮೇಷ್ಟರು ಮಸೂರವನ್ನು ಮೆಲ್ಲಗೆ ತಿರುಗಿಸಿದರು. ಎರಡು ಕಿಡಿಗಳು ಒಂದಾದವು. ಷಟರಿನ ಸದ್ದಿಗೆ ತಾಯಿಯವರು ತಲೆಯೆತ್ತಲಿಲ್ಲ. ಮೂರು ಚಿತ್ರಗಳಾದ ಮೇಲೆ, “ಆಯಿತೇನೋ? ಆ ಮಣೆ ಇತ್ತ ಕೊಡು, ಬೆನ್ನಿಗೆ ಬೇಕು,” ಎಂದರು.

ಈ ಸಲ ಮೇಷ್ಟರು ಯಾರಿಗೂ ಕೊಡಲಿಲ್ಲ. ಶಾಲೆಯ ಸ್ನೇಹಿತರಿಂದ ಹಿಗ್ಗಿಸುವ ಯಂತ್ರವನ್ನು ಎರವಲು ತಂದು, ಬಚ್ಚಲುಮನೆಯ ಕಿಟಕಿಗೆ ಕಂಬಳಿ ಹೊದಿಸಿ, ಕೆಂಪುದೀಪದಲ್ಲಿ ರಾತ್ರಿ ಎರಡು ಗಂಟೆಯವರೆಗೆ ಕುಳಿತು ಮುದ್ರಿಸಿದರು. ಬೆಳಗ್ಗೆ ಒಣಗಿದ ಚಿತ್ರವನ್ನು ತಾಯಿಯ ಕೈಯಲ್ಲಿಟ್ಟರು. ಅವರು ಅದನ್ನು ಗಾಜಿನ ಹಂಚಿನ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದರು. ಕೆನ್ನೆಯ ಮೇಲೆ ಮಸಿ ಬಿದ್ದಿದೆಯೆಂದು ಭಾವಿಸಿ ಸೆರಗಿನ ತುದಿಯಿಂದ ಒರೆಸಿದರು. ಒರೆಸಿದರೂ ಹೋಗಲಿಲ್ಲ. ಇನ್ನೊಮ್ಮೆ ಒರೆಸಿ, ನಿಂತು, “ಮಸಿಯಲ್ಲವೋ, ನಾನೇ,” ಎಂದರು. ಹಾಗೆಂದು ನಕ್ಕರು. ಮೇಷ್ಟರು ಆ ನಗೆಯನ್ನು ಕಂಡರು.

ತಾಯಿಯವರು ತೀರಿಕೊಂಡದ್ದು ೧೯೯೩ರಲ್ಲಿ. ವೈಕುಂಠಸಮಾರಾಧನೆಯ ದಿನ ಯಾವ ಚಿತ್ರಕ್ಕೆ ಹಾರ ಹಾಕತಕ್ಕದ್ದೆಂದು ನೆಂಟರಲ್ಲಿ ಚರ್ಚೆಯಾಯಿತು. ಮದುವೆಯ ಚಿತ್ರವೇ ಲಕ್ಷಣವೆಂದು ಕೆಲವರು. ಇಷ್ಟು ಕಪ್ಪಾಗಿ ಕಾಣುವುದನ್ನು ನಾಲ್ಕು ಜನರ ಮುಂದೆ ಇಡುವುದೇ ಎಂದು ಇನ್ನು ಕೆಲವರು. ಮೇಷ್ಟರು ವಾದ ಮಾಡಲಿಲ್ಲ. ಅಡಿಗೆಮನೆಯ ಚಿತ್ರವನ್ನು ತಂದು ಮಣೆಯ ಮೇಲಿಟ್ಟು ಹಾರ ಹಾಕಿದರು.

ಈಗ ಮೇಷ್ಟರಿಗೆ ಎಂಬತ್ತು ದಾಟಿ ವರ್ಷಗಳಾದವು. ಮಲೆನಾಡಿನ ತೇವ ತಿಂದು ಲೆನಿನ್‌ಗ್ರಾಡಿನ ಫಲಕ ಸತ್ತುಹೋಯಿತು. ಬಿಸಿಲಿಗೆ ಹಿಡಿದರೂ ಮುಳ್ಳು ಏಳುವುದಿಲ್ಲ. ಜೋರ್ಕಿ ಮಾತ್ರ ಇನ್ನೂ ನಡೆಯುತ್ತದೆ. ಮೊಮ್ಮಗಳ ಫೋನು ಬೆಳಕನ್ನೂ ದೂರವನ್ನೂ ತಾನೇ ಅಳೆದುಕೊಳ್ಳುತ್ತದೆ. ಕೇಳದಿದ್ದರೂ ಮುಖವನ್ನು ನುಣುಪು ಮಾಡಿ ಒಂದಿಷ್ಟು ಬೆಳ್ಳಗೂ ಮಾಡಿಕೊಡುತ್ತದೆ. ಅವಳೂ ಮುತ್ತಜ್ಜಿಯ ಬಣ್ಣದವಳು. ಮೊನ್ನೆ ಅವಳು ತನ್ನದೊಂದು ಚಿತ್ರವನ್ನು ತೋರಿಸಿದಾಗ ಮೇಷ್ಟರು, “ಇವಳು ಯಾರು?” ಎಂದು ಕೇಳಿದರಂತೆ. ಅವಳು ಆ ಏರ್ಪಾಡನ್ನು ಹುಡುಕಿ ನಿಲ್ಲಿಸಿ, ಜಗಲಿಯಲ್ಲಿ ಇನ್ನೊಂದು ತೆಗೆದು ತಂದು ತೋರಿಸಿದಳು.

ನೋಟುಪುಸ್ತಕಗಳು ಏಳಾಗಿವೆ. ಐದನೆಯದರಲ್ಲಿ, ಸಾವಿರಾರು ಸಾಲುಗಳ ನಡುವೆ, ಬೇರೆಯ ಸಾಲುಗಳಂತೆಯೇ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇದೆ: ಎಫ್ ೨, ೧/೬೦, ೫೦ ಮಿ.ಮೀ., ನಾಲ್ಕು ಮೊಳ, ಅಮ್ಮ.